ನಿಂತಲ್ಲಿಂದ ಜಿಗಿಯಬೇಕಿದ್ದ ಆಕ್ಟೇವಿಯಾ: ಎಣ್ಣೆ, ಬುಷ್, ಕಸಬರಿಗೆ

ಕಾರು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230, 2017ರದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಕೆಲಸ ಶುರು ಮಾಡಿದಾಗ ಮೀಟರ್‌ನಲ್ಲಿ 61 ಸಾವಿರ ಕಿಲೋಮೀಟರ್ ಇತ್ತು. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್, ಆರು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಎಳೆಯುವುದು ಮುಂದಿನ ಚಕ್ರ. ನಾಲ್ಕು ಬಾಗಿಲು, ದೊಡ್ಡ ಡಿಕ್ಕಿ ಇರೋದನ್ನ ಸ್ಪೋರ್ಟ್ಸ್ ಕಾರ್ ಅನ್ನಬಾರದು ಅನ್ನುವವರು ಬೇಕಾದರೆ ಜೋರು ಕಾರು ಅಂತ ಓದಿಕೊಳ್ಳಲಿ.

ಕಂಪನಿ ಹೇಳುವ ಲೆಕ್ಕ 0ಯಿಂದ 100ಕ್ಕೆ 6.8 ಸೆಕೆಂಡ್. ನನ್ನ ಕಾರು ಬಳ್ಳಾರಿ ಬಿಸಿಲಲ್ಲಿ 8.0 ತೋರಿಸುತ್ತಿತ್ತು. ಓಡುವಾಗ ಏನೂ ತೊಂದರೆ ಇಲ್ಲ, 40 ದಾಟಿದ ಮೇಲೆ ಎಳೆತ ಚೆನ್ನಾಗೇ ಇತ್ತು. ತೊಂದರೆ ಇದ್ದದ್ದು ನಿಂತಲ್ಲಿಂದ ಏಳುವಾಗ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಿದರೆ ಮೊದಲು ಅರ್ಧ ಕ್ಷಣ ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಳೆತ ಬಂದು ಮುಂದಿನ ಚಕ್ರಗಳು ದಡದಡ ಅಂತ ಕುಣಿದು, ಸ್ಟೀರಿಂಗ್ ಕೈಯಲ್ಲಿ ನಡುಗಿ, ಡ್ಯಾಶ್‌ಬೋರ್ಡ್‌ನಲ್ಲಿ ಟ್ರ್ಯಾಕ್ಷನ್ ದೀಪ ಮಿಣುಕಿ, ಅಷ್ಟರಲ್ಲಿ ಕಂಪ್ಯೂಟರ್ ಎಳೆತವನ್ನೇ ಕತ್ತರಿಸಿಬಿಡುತ್ತಿತ್ತು. ಆ ಕುಣಿತಕ್ಕೆ ವೀಲ್ ಹಾಪ್ ಅಂತಾರೆ. ಹಾಗೇ ಬಿಟ್ಟರೆ ಚಕ್ರಕ್ಕೆ ಎಳೆತ ಒಯ್ಯುವ ಡ್ರೈವ್‌ಶಾಫ್ಟ್‌ನ ಜಾಯಿಂಟ್‌ಗಳು ಒಂದೊಂದಾಗಿ ಹೋಗುತ್ತವೆ.

ಜಾಗ, ಅಳತೆ

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸಪೇಟೆ ರೋಡಿನಲ್ಲಿ ಮಾಡುವ ಕೆಲಸ ಅಲ್ಲ. ಅಲ್ಲಿ ಅದಿರು ಲಾರಿಗಳ ಸಾಲು ಇರುತ್ತದೆ. ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ ಕಲಂ 189 ಇದೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾವು ಮಾಡಿದ್ದು ಊರ ಹೊರಗಿನ ಒಂದು ಖಾಸಗಿ ಲೇಔಟ್‌ನಲ್ಲಿ. ಸೈಟು ಹಾಕಿ ವರ್ಷಗಳಾದರೂ ಒಂದು ಮನೆಯೂ ಎದ್ದಿಲ್ಲ, ಡಾಂಬರು ಮಾತ್ರ ಚೆನ್ನಾಗಿದೆ, ಗೇಟಿದೆ. ಓನರ್ ಪರಿಚಯದವರು, ಕೇಳಿಕೊಂಡೇ ಹೋದದ್ದು. ನೇರ ರಸ್ತೆ 400 ಮೀಟರ್. 100 ಮುಟ್ಟೋಕೆ ಸುಮಾರು 120 ಮೀಟರ್ ಬೇಕು, ನಿಲ್ಲಿಸೋಕೆ ಇನ್ನೊಂದು 40–50. ಆದರೂ ನಾಯಿ, ಎಮ್ಮೆ, ಬೈಕ್ ಕಲಿಯುವ ಹುಡುಗರು ಯಾವಾಗ ಬೇಕಾದರೂ ಅಡ್ಡ ಬರಬಹುದು. ಆ ತುದಿಯಲ್ಲಿ ಒಬ್ಬರು ಫೋನ್ ಹಿಡಿದು ನಿಂತಿರಲೇಬೇಕು.

ಅಳತೆಗೆ ಡ್ರ್ಯಾಗಿ ಅನ್ನೋ ಜಿಪಿಎಸ್ ಡಬ್ಬಿ, ಗೆಳೆಯನದು. ಅದರ ಆ್ಯಪ್‌ನಲ್ಲಿ ಒಂದು ಅಡಿ ರೋಲ್‌ಔಟ್ ಅನ್ನೋ ಆಯ್ಕೆ ಇದೆ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ, ಅಂದರೆ ನೇರ ರೇಸ್ ಟ್ರ್ಯಾಕ್‌ನಲ್ಲಿ, ಮೊದಲ ಒಂದು ಅಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದೇ ಪದ್ಧತಿ ಇಲ್ಲೂ. ಅದನ್ನು ಆನ್ ಮಾಡಿದರೆ ಏನೂ ಮಾಡದೇ 0.2–0.3 ಸೆಕೆಂಡ್ ಕಮ್ಮಿ ಬರುತ್ತದೆ. ನನ್ನ ತೊಂದರೆ ಇದ್ದದ್ದೇ ಆ ಮೊದಲ ಅಡಿಯಲ್ಲಿ, ಹಾಗಾಗಿ ಅದು ಆಫ್. ಇನ್ನೊಂದು, ಮಳೆ ನೀರು ಹೋಗಲಿ ಅಂತ ಲೇಔಟ್ ರಸ್ತೆಗೆ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದಿದ್ದರೂ ಡಬ್ಬಿಗೆ ಗೊತ್ತಾಗುತ್ತದೆ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದೆವು.

ನಾನು ಜಾಸ್ತಿ ನೋಡಿದ್ದು ಎರಡೇ ಅಂಕಿ. ಮೊದಲ 60 ಅಡಿ, ಅಂದರೆ 18.3 ಮೀಟರ್ ದಾಟುವ ಸಮಯ, ಮತ್ತು 0–60, ಅಂದರೆ ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟುವ ಸಮಯ. 100ರವರೆಗಿನ ಲೆಕ್ಕದಲ್ಲಿ ಇಂಜಿನ್ ಬಲ, ಗಾಳಿಯ ಬಿಸಿ, ಗೇರ್ ಬದಲಾವಣೆ ಎಲ್ಲ ಸೇರಿಕೊಳ್ಳುತ್ತವೆ. ಏಳುವ ರೀತಿ ಹೇಗಿದೆ ಅಂತ ಗೊತ್ತಾಗೋದು ಆ 18 ಮೀಟರ್‌ನಲ್ಲೇ. ಶುರುವಿನ ಅಂಕಿಗಳು: 60 ಅಡಿಗೆ 3.2 ಸೆಕೆಂಡ್, 0–60ಕ್ಕೆ 4.1.

ಹಂತ 1: ಗೇರ್‌ಬಾಕ್ಸ್ ಎಣ್ಣೆ

ಬ್ರೇಕ್ ಬಿಟ್ಟ ಮೇಲೆ ಅರ್ಧ ಕ್ಷಣ ತಡ ಆಗುತ್ತಿತ್ತಲ್ಲ, ಅದಕ್ಕೆ ಎಲ್ಲರೂ ಗೇರ್‌ಬಾಕ್ಸ್ ಕಡೆ ಬೆರಳು ತೋರಿಸಿದರು. ಈ ಡಿಎಸ್‌ಜಿಯಲ್ಲಿ ಎರಡು ಕ್ಲಚ್, ಎರಡೂ ಎಣ್ಣೆಯಲ್ಲಿ ಮುಳುಗಿರುತ್ತವೆ. 60 ಸಾವಿರ ಕಿಲೋಮೀಟರ್‌ಗೆ ಎಣ್ಣೆ, ಫಿಲ್ಟರ್ ಬದಲಾಯಿಸಬೇಕು. ಹಿಂದಿನ ಓನರ್ ಒಂದು ವರ್ಕ್‌ಶಾಪ್‌ನಲ್ಲಿ ಲೆವೆಲ್ ನೋಡಿಸಿದ್ದರು, ಅದೂ ಮಧ್ಯಾಹ್ನದ ಹೊತ್ತಲ್ಲಿ, ಕಾರು ಓಡಿಸಿಕೊಂಡು ಬಂದ ಕೂಡಲೇ.

ಇಲ್ಲೇ ಇರೋದು ಸಮಸ್ಯೆ. ಇದರ ಲೆವೆಲ್ ನೋಡಬೇಕಾದ್ದು ಇಂಜಿನ್ ಚಾಲೂ ಇರುವಾಗ, ಎಣ್ಣೆ 35ರಿಂದ 45 ಡಿಗ್ರಿ ಒಳಗೆ ಇದ್ದಾಗ. ಬಿಸಿ ಎಣ್ಣೆ ಹಿಗ್ಗಿರುತ್ತದೆ. ಆಗ ನೋಡಿದರೆ ಹೆಚ್ಚಾಗಿದೆ ಅಂತ ಹೊರಗೆ ಸುರಿದು ಹೋಗುತ್ತದೆ, ಕಾರು ತಣ್ಣಗಾದ ಮೇಲೆ ಕಮ್ಮಿ ಉಳಿಯುತ್ತದೆ. ಬೇರೆ ಊರಲ್ಲಿ ಇದು ಸುಲಭ ಇರಬಹುದು. ಬಳ್ಳಾರಿಯ ಮೇ ತಿಂಗಳಲ್ಲಿ ತಗಡಿನ ಶೆಡ್ ಒಳಗೆ ಮಧ್ಯಾಹ್ನ ನಿಂತ ಕಾರೇ 42 ಡಿಗ್ರಿ ಇರುತ್ತದೆ. ಇಂಜಿನ್ ಚಾಲೂ ಮಾಡಿ ಬೋಲ್ಟ್ ಬಿಚ್ಚುವಷ್ಟರಲ್ಲಿ 45 ದಾಟಿಬಿಡುತ್ತದೆ. ರಾತ್ರಿಯೆಲ್ಲ ನಿಲ್ಲಿಸಿ, ಬೆಳಗ್ಗೆ ಐದೂವರೆಗೆ ಶುರು ಮಾಡಿದೆವು.

ಕೆಲಸ ಮಾಡಿದ್ದು ಕೌಲ್ ಬಜಾರ್ ಕಡೆಯ ಒಬ್ಬ ಮೇಸ್ತ್ರಿ, ವಯಸ್ಸಾದವರು, ನಾವೆಲ್ಲ ಚಾಚಾ ಅಂತೀವಿ. ಬ್ಯಾಟರಿ, ಅದರ ಟ್ರೇ ತೆಗೆದರೆ ಫಿಲ್ಟರ್ ಡಬ್ಬಿ ಕಾಣುತ್ತದೆ, ಅದಕ್ಕೆ 24 ಎಂಎಂ ಸಾಕೆಟ್. ಕೆಳಗಿನ ಡ್ರೇನ್ ಬೋಲ್ಟ್‌ಗೆ 14 ಎಂಎಂ ಅಲೆನ್ ಕೀ. ಅದನ್ನು ಬಿಚ್ಚಿದ ಕೂಡಲೇ ಸ್ವಲ್ಪ ಎಣ್ಣೆ ಬಂದು ನಿಂತುಬಿಡುತ್ತದೆ. ಎಲ್ಲಾ ಬಂತು ಅಂದುಕೊಂಡು ಅಲ್ಲಿಗೇ ನಿಲ್ಲಿಸುವವರಿದ್ದಾರೆ. ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇದೆ, 8 ಎಂಎಂ ಅಲೆನ್ ಹಾಕಿ ಅದನ್ನೂ ಬಿಚ್ಚಿದ ಮೇಲೇ ನಿಜವಾದ ಎಣ್ಣೆ ಇಳಿಯೋದು. ಆ ಕೊಳವೆಯೇ ಲೆವೆಲ್‌ನ ಅಳತೆಗೋಲು. ವಾಪಸ್ ಹಾಕುವಾಗ ಬಿಗಿ 3 ನ್ಯೂಟನ್ ಮೀಟರ್ ಮಾತ್ರ, ಬೆರಳಲ್ಲಿ ತಿರುಗಿಸಿದಷ್ಟು. ಹೊರಗಿನ ಬೋಲ್ಟ್‌ಗೆ 45.

ಹೊಸ ಎಣ್ಣೆ ಐದೂವರೆ ಲೀಟರ್ ತುಂಬಿ, ಲ್ಯಾಪ್‌ಟಾಪ್‌ನಲ್ಲಿ ಉಷ್ಣತೆ ನೋಡುತ್ತಾ, 35 ಬಂದಾಗ ಬೋಲ್ಟ್ ತೆಗೆದೆವು. ಹೆಚ್ಚಾದದ್ದು ಧಾರೆಯಾಗಿ ಬಿದ್ದು ಹನಿಗೆ ಇಳಿದಾಗ ಮುಚ್ಚಿದೆವು. ಆಮೇಲೆ ಸ್ಕ್ಯಾನರ್‌ನಿಂದ ಕ್ಲಚ್‌ನ ಬೇಸಿಕ್ ಸೆಟ್ಟಿಂಗ್, ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ಕಂಪ್ಯೂಟರ್‌ಗೆ ಮತ್ತೆ ಕಲಿಸೋದು. ಎಣ್ಣೆ, ಫಿಲ್ಟರ್, ವಾಷರ್ ಸೇರಿ 14,800 ರೂಪಾಯಿ, ಕೂಲಿ 2,500.

ಫಲ? ಗೇರ್ ಬದಲಾವಣೆ ನಯವಾಯಿತು. ಟ್ರಾಫಿಕ್‌ನಲ್ಲಿ ಎರಡರಿಂದ ಒಂದಕ್ಕೆ ಇಳಿಯುವಾಗ ಬರುತ್ತಿದ್ದ ಜರ್ಕ್ ಹೋಯಿತು. ಆದರೆ 60 ಅಡಿ ಮೊದಲಿನಂತೆ 3.2 ಸೆಕೆಂಡ್. ಚಕ್ರ ಕುಣಿಯೋದು ಹಾಗೇ. ಎಣ್ಣೆ ಬದಲಾಯಿಸುವ ಸಮಯ ಹೇಗೂ ಬಂದಿತ್ತು, ಆದರೆ ಇದಕ್ಕಾಗಿ ಅಂತ ಖರ್ಚು ಮಾಡಿದ್ದರೆ 17,300 ನೀರಿಗೆ ಹೋಯಿತು ಅಂತಲೇ ಲೆಕ್ಕ.

ಹಂತ 2: ಗಾಳಿ, ಕಸಬರಿಗೆ

ಟೈರ್ ಗಾಳಿ ಬೆಳಗ್ಗೆ 33 ಪಿಎಸ್‌ಐ ಇದ್ದದ್ದು ಮಧ್ಯಾಹ್ನ ಓಡಿಸಿದ ಮೇಲೆ 38. ಐದೂವರೆ, ಆರು ಡಿಗ್ರಿ ಬಿಸಿ ಏರಿದರೆ ಒಂದು ಪಿಎಸ್‌ಐ ಏರುತ್ತದೆ, ನಮ್ಮೂರಲ್ಲಿ ಇದು ಸಣ್ಣ ವಿಷಯ ಅಲ್ಲ. 30ಕ್ಕೆ ಇಳಿಸಿದಾಗ ಹಿಡಿತ ಒಂಚೂರು ಸುಧಾರಿಸಿತು. 27ಕ್ಕೆ ಇಳಿಸಿದರೆ ಟೈರ್ ಪಕ್ಕದ ಗೋಡೆ ಮಡಚಿ ಕುಣಿತ ಇನ್ನೂ ಜಾಸ್ತಿ ಆಯಿತು. ವಾಪಸ್ 31ಕ್ಕೆ ನಿಲ್ಲಿಸಿದೆ, ಮನೆಗೆ ಹೊರಡುವಾಗ ಮತ್ತೆ 33.

ನಿಜವಾದ ಫರಕ್ ತಂದದ್ದು ಬೇರೆ. ಲೇಔಟ್ ರಸ್ತೆ ಮೇಲೆ ಕೆಂಪು ಧೂಳು ತೆಳ್ಳಗೆ ಹರಡಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಓಡಾಡಿದವರಿಗೆ ಆ ಧೂಳು ಗೊತ್ತು, ಬಿಳಿ ಅಂಗಿ ಹಾಕಿಕೊಂಡು ಹೋದರೆ ಸಂಜೆಗೆ ಬಣ್ಣ ಬೇರೆ ಆಗಿರುತ್ತದೆ. ಕಾಲಲ್ಲಿ ಉಜ್ಜಿದರೆ ಚಪ್ಪಲಿ ಜಾರುವಷ್ಟಿತ್ತು. 120 ರೂಪಾಯಿ ಕೊಟ್ಟು ಎರಡು ಕಡ್ಡಿ ಕಸಬರಿಗೆ ತಂದು, ಚಕ್ರ ಹೋಗುವ ಎರಡು ಪಟ್ಟಿಗಳನ್ನು ಮಾತ್ರ 20 ಮೀಟರ್ ಗುಡಿಸಿದೆವು. ವಾಚ್‌ಮನ್ ಅಜ್ಜ ಬಂದು, "ಏನ್ರೀ, ಭೂಮಿಪೂಜೆ ಐತೇನು?" ಅಂತ ಕೇಳಿದರು. 60 ಅಡಿ 3.0 ಸೆಕೆಂಡ್‌ಗೆ ಬಂತು, 0–60 ಅಂಕಿ 3.9ಕ್ಕೆ. 17 ಸಾವಿರದ ಎಣ್ಣೆ ಕೊಡದ್ದನ್ನು ಕಸಬರಿಗೆ ಕೊಟ್ಟಿತು.

ಗುಡಿಸಿ ಆದ ಮೇಲೂ ಕುಣಿತ ಹೋಗಲಿಲ್ಲ. ಹಿಡಿತ ಜಾಸ್ತಿ ಆದದ್ದಕ್ಕೋ ಏನೋ, ಸದ್ದು ಇನ್ನೂ ಜೋರಾಯಿತು. ಆಗಲೇ ಚಾಚಾ ಹೇಳಿದ್ದು, "ಇದು ಗೇರ್‌ಬಾಕ್ಸ್ ಅಲ್ಲ ಬೇಟಾ, ಕೆಳಗಿನ ಮೌಂಟ್ ಹೋಗೈತಿ."

ಹಂತ 3: ಡಾಗ್‌ಬೋನ್ ಬುಷ್

ಇಂಜಿನ್ ಮತ್ತು ಗೇರ್‌ಬಾಕ್ಸ್ ಮೇಲಿಂದ ಎರಡು ಮೌಂಟ್‌ಗಳ ಮೇಲೆ ತೂಗುತ್ತವೆ. ಹಿಂದಕ್ಕೆ ಮುಂದಕ್ಕೆ ತಿರುಚದಂತೆ ಹಿಡಿಯೋದು ಕೆಳಗಿರುವ ಒಂದು ಚಿಕ್ಕ ತುಂಡು. ಮೂಳೆ ಆಕಾರ ಇರೋದರಿಂದ ಡಾಗ್‌ಬೋನ್ ಮೌಂಟ್ ಅಂತಾರೆ. ಅದರ ಒಳಗಿನ ರಬ್ಬರ್, ಅಂದರೆ ಬುಷ್, ಸೀಳಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಇಡೀ ಇಂಜಿನ್ ಹಿಂದಕ್ಕೆ ವಾಲಿ, ಚಕ್ರ ಜಾರಿದಾಗ ಮುಂದಕ್ಕೆ ಬಂದು, ಮತ್ತೆ ವಾಲಿ... ಕುಣಿತ ಅಂದರೆ ಇದೇ. ಶುರುವಿನ ಅರ್ಧ ಕ್ಷಣದ ತಡದಲ್ಲೂ ಇದರ ಪಾಲಿತ್ತು. ಮೊದಲ ಎಳೆತ ಚಕ್ರಕ್ಕೆ ಹೋಗುವ ಬದಲು ಇಂಜಿನ್ ವಾಲಿಸುವುದಕ್ಕೇ ಖರ್ಚಾಗುತ್ತಿತ್ತು.

ಪರೀಕ್ಷೆ ಮಾಡೋದು ಸುಲಭ. ಬಾನೆಟ್ ತೆಗೆದು, ಬ್ರೇಕ್ ಗಟ್ಟಿ ಒತ್ತಿ, ಗೇರ್ ಲಿವರನ್ನು ಡಿಯಿಂದ (ಮುಂದಕ್ಕೆ) ಆರ್‌ಗೆ (ರಿವರ್ಸ್), ಆರ್‌ನಿಂದ ಡಿಗೆ ಹಾಕುತ್ತಾ ಇನ್ನೊಬ್ಬರಿಗೆ ಪಕ್ಕದಿಂದ ನೋಡಲು ಹೇಳಿ. ಕಾರಿನ ಎದುರು ಯಾರೂ ನಿಲ್ಲಬಾರದು. ನನ್ನದು ಎರಡು ಬೆರಳಷ್ಟು ಓಲಾಡುತ್ತಿತ್ತು.

ಕಾರನ್ನು ಜಾಕ್ ಮೇಲೆ ಎತ್ತಿ ಸ್ಟ್ಯಾಂಡ್ ಕೊಟ್ಟು ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದೆವು. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ತಟ್ಟೆಯಿಂದ ಸುರಿದ ಕೆಂಪು ಮಣ್ಣು ಒಂದು ಬಾಂಡ್ಲಿ ತುಂಬ ಆಯಿತು. ಬುಷ್‌ಗೆ ಸಬ್ಬಲ್ ಕೊಟ್ಟು ಎತ್ತಿದರೆ ರಬ್ಬರ್ ಬಾಯಿ ತೆರೆಯಿತು, ಅರ್ಧಕ್ಕಿಂತ ಜಾಸ್ತಿ ಸೀಳಿತ್ತು. ನಮ್ಮ ರಸ್ತೆಯಲ್ಲಿ 61 ಸಾವಿರ ಓಡಿದ ರಬ್ಬರ್, ಅದಕ್ಕೆ ಬೈಯೋದರಲ್ಲಿ ಅರ್ಥ ಇಲ್ಲ.

ಎರಡು ದಾರಿ ಇತ್ತು. ಹೊಸ ಒರಿಜಿನಲ್ ಮೌಂಟ್ ಹಾಕೋದು, ಇಲ್ಲವೇ ಇರುವ ಮೌಂಟ್‌ನ ಖಾಲಿ ಜಾಗಕ್ಕೆ ಪಾಲಿಯುರೆಥೇನ್ ಇನ್ಸರ್ಟ್, ಅಂದರೆ ರಬ್ಬರಿನಂಥ ಪ್ಲಾಸ್ಟಿಕ್ ತುಂಡು, ತುರುಕೋದು. ಗಟ್ಟಿ ಇನ್ಸರ್ಟ್ ಆನ್‌ಲೈನ್‌ನಲ್ಲಿ 6,400 ರೂಪಾಯಿಗೆ ಸಿಕ್ಕಿತು. ಸೀಳಿದ ರಬ್ಬರ್ ಮೇಲೆಯೇ ಅದನ್ನು ಹಾಕಿದೆವು. ಲೇಔಟ್‌ಗೆ ಹೋಗಿ ಒತ್ತಿದರೆ ಕುಣಿತ ಸಂಪೂರ್ಣ ಮಾಯ. ಆ ಸಂಜೆ ಗೆಳೆಯರಿಗೆಲ್ಲ ಮಂಡಾಳು ಒಗ್ಗರಣಿ, ಮಿರ್ಚಿ ಕೊಡಿಸಿದ್ದಾಯಿತು.

ಮರುದಿನ ಅವ್ವನನ್ನು ಕೂರಿಸಿಕೊಂಡು ರಾಯಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಗೊತ್ತಾಯಿತು. ಡಿಯಲ್ಲಿ ಬ್ರೇಕ್ ಹಿಡಿದು ಎಸಿ ಹಾಕಿದರೆ ಕನ್ನಡಿ ನಡುಗುತ್ತದೆ, ಸೀಟು ನಡುಗುತ್ತದೆ, ಬಾಗಿಲಲ್ಲಿಟ್ಟ ನೀರಿನ ಬಾಟಲಿ ಗಿರಗಿರ ಅನ್ನುತ್ತದೆ. "ಇಷ್ಟು ರೊಕ್ಕ ಕೊಟ್ಟು ಟ್ರ್ಯಾಕ್ಟರ್ ಮಾಡ್ಕೊಂಡೆಲ್ಲಪ್ಪ" ಅಂದರು ಅವ್ವ. ರಬ್ಬರ್ ಹೋಗಿದ್ದರಿಂದ ಎಲ್ಲ ಭಾರವೂ ಆ ಗಟ್ಟಿ ಪಾಲಿ ಮೇಲೆ ಬಿದ್ದು, ಇಂಜಿನ್‌ನ ನಡುಕ ನೇರವಾಗಿ ಬಾಡಿಗೆ ಬರುತ್ತಿತ್ತು. ಒಂದು ವಾರ ಸಹಿಸಿಕೊಂಡು ತೆಗೆಸಿದೆ.

ಎರಡನೇ ಸಲ ಹೊಸ ಒರಿಜಿನಲ್ ಮೌಂಟ್, 7,900 ರೂಪಾಯಿ. ಜೊತೆಗೆ ಮೆತ್ತನೆ ದರ್ಜೆಯ ಇನ್ಸರ್ಟ್, 5,200. ಬೋಲ್ಟ್‌ಗಳೂ ಹೊಸವು. ಇವು ಬಿಗಿ ಮಾಡುವಾಗ ಹಿಗ್ಗುವ ಜಾತಿಯವು, ಒಮ್ಮೆ ಬಿಚ್ಚಿದರೆ ಮತ್ತೆ ಹಾಕಬಾರದು. ಅಂಕಿಯನ್ನು ಮ್ಯಾನುಯಲ್‌ನಲ್ಲಿ ನೋಡಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸಬೇಕು, ಸುಮ್ನೆ ಪೈಪ್ ಹಾಕಿ ಎಳೆಯೋ ಕೆಲಸ ಅಲ್ಲ. ಮೊದಲೇ ಇದನ್ನು ಮಾಡಿದ್ದರೆ 6,400 ಉಳಿಯುತ್ತಿತ್ತು. ಆ ಗಟ್ಟಿ ಇನ್ಸರ್ಟ್ ಈಗಲೂ ಶೆಡ್‌ನಲ್ಲಿ ಬಿದ್ದಿದೆ, ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆ.

ಈಗ ಗುಡಿಸಿದ ರಸ್ತೆಯಲ್ಲಿ 60 ಅಡಿ 2.85, 0–60 ಅಂಕಿ 3.6. ಸಿಗ್ನಲ್‌ನಲ್ಲಿ ಒಂಚೂರು ನಡುಕ ಇದೆ, ಆದರೆ ಅವ್ವ ಏನೂ ಅಂದಿಲ್ಲ.

ಹಂತ 4: ಲಾಂಚ್ ಕಂಟ್ರೋಲ್, ಕಾಲು

ಈ ಕಾರಿನಲ್ಲಿ ಲಾಂಚ್ ಕಂಟ್ರೋಲ್, ಅಂದರೆ ನಿಂತಲ್ಲಿಂದ ಜೋರಾಗಿ ಹೊರಡಿಸುವ ವ್ಯವಸ್ಥೆ, ಕಂಪನಿಯಿಂದಲೇ ಇದೆ. ಇಂಜಿನ್, ಗೇರ್‌ಬಾಕ್ಸ್ ಎರಡೂ ಬಿಸಿಯಾಗಿರಬೇಕು. ಸ್ಟಾರ್ಟ್‌ಸ್ಟಾಪ್ ಆಫ್, ಮೆನುವಿನಲ್ಲಿ ಎಎಸ್‌ಆರ್ (ಚಕ್ರ ಜಾರಿದರೆ ಎಳೆತ ಕತ್ತರಿಸುವ ಟ್ರ್ಯಾಕ್ಷನ್ ಕಂಟ್ರೋಲ್) ಆಫ್, ಸ್ಟೀರಿಂಗ್ ನೇರ, ಲಿವರ್ ಎಸ್‌ನಲ್ಲಿ, ಅಂದರೆ ಸ್ಪೋರ್ಟ್‌ನಲ್ಲಿ. ಎಡಗಾಲಲ್ಲಿ ಬ್ರೇಕ್ ಗಟ್ಟಿ ಒತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಪೂರ್ತಿ. ಆರ್‌ಪಿಎಂ ಮೂರು ಸಾವಿರ ದಾಟಿ ಒಂದೇ ಕಡೆ ನಿಲ್ಲುತ್ತದೆ. ಬ್ರೇಕ್‌ನಿಂದ ಕಾಲು ಥಟ್ಟನೆ ತೆಗೆಯಬೇಕು.

ಅಷ್ಟೇ ಅಲ್ವಾ ಅನಿಸುತ್ತದೆ. ನಮ್ಮ ರಸ್ತೆಯಲ್ಲಿ ಅದು ನಿಧಾನ. ಗುಡಿಸದ ಜಾಗದಲ್ಲಿ 3.1, ಗುಡಿಸಿದ ಜಾಗದಲ್ಲಿ 2.9, ಅಂದರೆ ಸುಮ್ನೆ ಬ್ರೇಕ್ ಬಿಟ್ಟು ಒತ್ತಿದ್ದಕ್ಕಿಂತಲೂ ಕಳಪೆ. ಕಾರು ಮುಂದೆ ಹಾರಿದಾಗ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯಬೇಕಾದ ಮುಂದಿನ ಚಕ್ರಗಳೇ ಹಗುರ ಆಗುತ್ತವೆ. ಒಳ್ಳೆಯ ಟ್ರ್ಯಾಕ್‌ನ ಡಾಂಬರಿನಲ್ಲಿ ಮೂರು ಸಾವಿರ ಆರ್‌ಪಿಎಂ ನಡೆಯಬಹುದು, ಧೂಳು ಹಿಡಿದ ಡಾಂಬರಿನಲ್ಲಿ ಅದು ಟೈರ್ ಸುಡೋಕೆ ಮಾತ್ರ. ಆ ಆರ್‌ಪಿಎಂ ಕಮ್ಮಿ ಮಾಡೋ ಸೌಲಭ್ಯ ಕಾರಿನ ಮೆನುವಿನಲ್ಲಿ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಕಾಲು. ಬ್ರೇಕ್ ಒತ್ತಿ ನಿಂತಿರುವಾಗ ಡಿಎಸ್‌ಜಿ ಕ್ಲಚ್ ಬಿಟ್ಟುಕೊಂಡಿರುತ್ತದೆ. ಬ್ರೇಕ್ ಬಿಟ್ಟ ಮೇಲೇ ಅದು ಹಿಡಿಯಲು ಶುರು ಮಾಡೋದು, ಉಳಿದ ತಡ ಎಲ್ಲ ಅಲ್ಲೇ ಇತ್ತು. ಹಾಗಾಗಿ ಮೊದಲು ಆಟೋ ಹೋಲ್ಡ್ (ನಿಂತಾಗ ತಾನೇ ಬ್ರೇಕ್ ಹಿಡಿದುಕೊಳ್ಳುವ ಸೌಲಭ್ಯ) ಆಫ್. ಎಸ್‌ನಲ್ಲಿ ಹಾಕಿ, ಬ್ರೇಕ್ ಅನ್ನು ನಿಧಾನವಾಗಿ ಸಡಿಲಿಸುತ್ತಾ ಬಂದರೆ ಕಾರು ತೆವಳಲು ಹೊರಟಿದೆ ಅನ್ನೋದು ಸೀಟಿಗೆ ಗೊತ್ತಾಗುತ್ತದೆ. ಅಂದರೆ ಕ್ಲಚ್ ಆಗಲೇ ಹಿಡಿಯುತ್ತಿದೆ. ಆ ಕ್ಷಣಕ್ಕೆ ಬ್ರೇಕ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಅರ್ಧಕ್ಕೆ, ಕಾರು ಎರಡು ಕಾರುದ್ದ ಹೋದ ಮೇಲೆ ಪೂರ್ತಿ. ಎಎಸ್‌ಆರ್ ಆನ್ ಇದ್ದರೆ ಒಂಚೂರು ಜಾರಿದ್ದಕ್ಕೇ ಎಳೆತ ಕತ್ತರಿಸುತ್ತದೆ, ಹಾಗಾಗಿ ಲೇಔಟ್ ಒಳಗೆ ಆಫ್, ಗೇಟು ದಾಟುವ ಮೊದಲು ಮತ್ತೆ ಆನ್.

ಇದು ಕೈಗೆ, ಅಲ್ಲ ಕಾಲಿಗೆ, ಹತ್ತಲು ಸಮಯ ಹಿಡಿಯಿತು. ಬೇಗ ಒತ್ತಿದರೆ ಜಾರುತ್ತದೆ, ತಡ ಮಾಡಿದರೆ ಟರ್ಬೊ ಮಲಗಿರುತ್ತದೆ. ಹತ್ತಿದ ಮೇಲೆ 60 ಅಡಿ 2.7, 0–60 ಅಂಕಿ 3.4, 0–100ಕ್ಕೆ 7.2. ನವೆಂಬರ್‌ನ ತಂಪು ಬೆಳಗ್ಗೆ 7.0 ಕೂಡ ಬಂತು. 42 ಡಿಗ್ರಿಯ ಗಾಳಿ 22 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 6ರಷ್ಟು ತೆಳು, ಬಿಸಿಗಾಳಿಯಲ್ಲಿ ಇಂಜಿನ್ ತನ್ನ ರಕ್ಷಣೆಗೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಸಮಯ) ಕೂಡ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಅಳೆದ ಅಂಕಿಯನ್ನು ಕಂಪನಿಯ 6.8ರ ಪಕ್ಕದಲ್ಲಿಟ್ಟು ಅಳೋದು ಬೇಡ.

ಎಣ್ಣೆಯ ಉಷ್ಣತೆ ಪ್ರತಿ ಓಟಕ್ಕೂ ನೋಡುತ್ತಿದ್ದೆವು. ಕ್ಲಚ್‌ನಿಂದ ಚಿಮ್ಮುವ ಎಣ್ಣೆಗೆ ಬೇರೆ ಸೆನ್ಸರ್ ಇದೆ, ಗೇರ್‌ಬಾಕ್ಸ್ ಎಣ್ಣೆ 90 ತೋರಿಸುವಾಗ ಇದು ಒಂದೇ ಲಾಂಚ್‌ಗೆ ಎಷ್ಟೋ ಮೇಲೆ ಹೋಗಿ ಇಳಿಯುತ್ತದೆ. ಗೇರ್‌ಬಾಕ್ಸ್ ಎಣ್ಣೆ 100 ಮುಟ್ಟಿದರೆ ಅವತ್ತಿನ ಆಟ ಮುಗಿಯಿತು, ಲೇಔಟ್ ಒಳಗೇ ನಿಧಾನವಾಗಿ ಸುತ್ತು ಹೊಡೆದು ತಣ್ಣಗೆ ಮಾಡೋದು.

ಬೇರೆ ಗೇರ್‌ಬಾಕ್ಸ್ ಇದ್ದವರಿಗೆ

ಗಂಗಾವತಿಯ ಗೆಳೆಯನೊಬ್ಬ ಅಕ್ಕಿ ಗಿರಣಿಯವರ ಮನೆಯವನು, ಮಸ್ಟಾಂಗ್ ಜಿಟಿ ಇದೆ. 5 ಲೀಟರ್ ವಿ8, 515 ನ್ಯೂಟನ್ ಮೀಟರ್, ಆರು ಗೇರ್, ಕ್ಲಚ್ ಬದಲು ಎಣ್ಣೆಯ ಮೂಲಕ ಎಳೆತ ದಾಟಿಸುವ ಟಾರ್ಕ್ ಕನ್ವರ್ಟರ್, ಎಳೆಯೋದು ಹಿಂದಿನ ಚಕ್ರ. ಅದನ್ನೂ ಒಂದು ದಿನ ತಂದಿದ್ದ. ಅದರಲ್ಲಿ ಎಡಗಾಲಲ್ಲಿ ಬ್ರೇಕ್ ಹಿಡಿದು ಬಲಗಾಲಲ್ಲಿ ರೇಸ್ ಏರಿಸಬಹುದು, ಕನ್ವರ್ಟರ್ ಒಳಗಿನ ಎಣ್ಣೆ ಆ ಎಳೆತವನ್ನು ತಡೆದುಕೊಳ್ಳುತ್ತದೆ. 1,500ರ ಸುತ್ತ ನಿಲ್ಲಿಸಿ ಬಿಡಬೇಕು, ಎರಡು ಮೂರು ಸೆಕೆಂಡ್‌ಗಿಂತ ಜಾಸ್ತಿ ಹಿಡಿದರೆ ಎಣ್ಣೆ ಕುದಿಯಲು ಶುರು. 2,000ಕ್ಕೆ ಏರಿಸಿದಾಗ ಬ್ರೇಕ್ ಹಿಡಿದಿದ್ದರೂ ಹಿಂದಿನ ಚಕ್ರ ತಿರುಗಿ ಬಾಲ ಪಕ್ಕಕ್ಕೆ ಸರಿಯಿತು. ನಮ್ಮ ಧೂಳಲ್ಲಿ ಅವನಿಗೂ ಚೆನ್ನಾಗಿ ಬಂದದ್ದು ರೇಸ್ ಏರಿಸದೇ, ಐಡಲ್‌ನಿಂದ ನಯವಾಗಿ ಒತ್ತಿದ್ದೇ.

ಎನ್‌ನಲ್ಲಿ (ನ್ಯೂಟ್ರಲ್) ರೇಸ್ ಕೊಟ್ಟು ಡಿಗೆ ಎಳೆಯೋ ವಿದ್ಯೆ ಬಗ್ಗೆ ಇಬ್ಬರು ಮೂವರು ಕೇಳಿದರು. ಬೇಡ. ಕನ್ವರ್ಟರ್ ಗೇರ್‌ಬಾಕ್ಸ್‌ನಲ್ಲಿ ಒಳಗಿನ ಕ್ಲಚ್ ಪ್ಯಾಕ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್ ಎಲ್ಲಕ್ಕೂ ಒಂದೇ ಏಟು ಬೀಳುತ್ತದೆ. ಸಮಯವೂ ಉಳಿಯುವುದಿಲ್ಲ.

ಖರ್ಚು, ಬಾಕಿ

ಎಣ್ಣೆ ಕೆಲಸ 17,300. ಗಟ್ಟಿ ಇನ್ಸರ್ಟ್ 6,400. ಹೊಸ ಮೌಂಟ್, ಮೆತ್ತನೆ ಇನ್ಸರ್ಟ್ ಸೇರಿ 13,100. ಬೋಲ್ಟ್‌ಗಳು 900. ಮೌಂಟ್ ಕೂಲಿ ಎರಡು ಸಲ ಸೇರಿ 3,000. ಕಸಬರಿಗೆ 120. ಒಟ್ಟು 40,820. ಪೆಟ್ರೋಲ್ ಲೆಕ್ಕ ಹಾಕಿಲ್ಲ, ಹಾಕೋದೂ ಇಲ್ಲ.

ಕೆಳಗೆ ತೂರಿದಾಗ ಬಲಗಡೆ ಡ್ರೈವ್‌ಶಾಫ್ಟ್ ಬೂಟ್‌ನ (ಜಾಯಿಂಟ್ ಮುಚ್ಚುವ ರಬ್ಬರ್ ಚೀಲ) ಮಡಿಕೆಯಲ್ಲಿ ಗ್ರೀಸ್ ಒಸರಿದ್ದು ಕಾಣಿಸಿತು, ಕುಣಿತದ ಕೊಡುಗೆಯೇ ಇರಬೇಕು. ಬೂಟ್ ಕಿಟ್ ಆರ್ಡರ್ ಮಾಡಿದ್ದೇನೆ. ಆಮೇಲೆ ಟೈರ್. ಪಕ್ಕದಲ್ಲಿ 3219 ಅಂತ ಬರೆದಿದೆ, ಅಂದರೆ 2019ರ 32ನೇ ವಾರದ ಮಾಲು. ತೇಯ್ದಿಲ್ಲ, ಗಟ್ಟಿಯಾಗಿದೆ, ಉಗುರು ಒತ್ತಿದರೆ ಗುರುತೂ ಬೀಳುವುದಿಲ್ಲ. ಮೆತ್ತನೆ ರಬ್ಬರ್ ಹಾಕಿದರೆ ಆ ಲಾಂಚ್ ಕಂಟ್ರೋಲ್‌ಗೂ ಇನ್ನೊಂದು ಅವಕಾಶ ಕೊಡಬಹುದು. ನಾಲ್ಕಕ್ಕೆ 54 ಸಾವಿರ ಹೇಳಿದ್ದಾರೆ. ನಮ್ಮ ಜೀನ್ಸ್ ಯೂನಿಟ್‌ಗೆ ಬರಬೇಕಾದ ಪೇಮೆಂಟ್ ಬಂದ ಮೇಲೆ ಹಾಕಿಸಿ, ಅದೇ ಎರಡು ಪಟ್ಟಿ ಗುಡಿಸಿ ಅಳೆದು ಅಂಕಿ ಹಾಕುತ್ತೇನೆ.